ಊಟ ಕೇಳುವ ಮಾಡರೇಟರ್

ನಮ್ಮ ಗುಬ್ಬಿ ಕಡೆ ಒಬ್ಬರನ್ನು ಬೈಯಬೇಕಿದ್ದರೂ ಮೊದಲು ಊಟ ಆಯ್ತಾ ಅಂತ ಕೇಳಬೇಕು. ಬೇಲಿ ಒತ್ತಿದ ದಾಯಾದಿಯ ಮನೆಗೆ ಜಗಳಕ್ಕೆ ಹೋದರೂ ಅಷ್ಟೇ. ಬಾಗಿಲಲ್ಲಿ ನಿಂತು ಊಟ ವಿಚಾರಿಸಿ, ಅವರು 'ಆಯ್ತು, ನಿಮ್ದು?' ಅಂದ ಮೇಲೆಯೇ ಪಂಚೆ ಎತ್ತಿ ಕಟ್ಟುವುದು. ನನಗೆ ಆ ತಾಳ್ಮೆ ಹುಟ್ಟಿನಿಂದಲೇ ಇಲ್ಲ. ನಾನು ಸುಧಾ, ಬಸ್ ಸ್ಟ್ಯಾಂಡಿನ ಹಿಂದೆ ಸೈಬರ್ ಸೆಂಟರ್ ಇಟ್ಟಿದ್ದವಳು, ಬಾಯಿ ಜೋರು ಅಂತ ಊರಲ್ಲಿ ಹೆಸರು ತೆಗೆದುಕೊಂಡವಳು. ತಾಳ್ಮೆ ಇದ್ದದ್ದು ನಾಗಭೂಷಣನಿಗೆ. ಆ ತಾಳ್ಮೆಯಿಂದ ಅವನಿಗೊಂದು ಪದವಿ ಬಂತು. ಅದರ ಕಥೆ ಇದು.

ಎರಡು ಸಾವಿರದ ಐದೋ ಆರೋ ಇರಬೇಕು. ನಾಗಭೂಷಣ ಹಿರೇಹಳ್ಳಿಯ ಒಂದು ಬೋಲ್ಟು ಮಾಡುವ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಬೆಳಗಿನ ಶಿಫ್ಟು ಮುಗಿಸಿ, ತುಮಕೂರಿನಲ್ಲಿ ಬಸ್ ಬದಲಾಯಿಸಿ, ಕಿಟಕಿಗೆ ತಲೆ ಆನಿಸಿಕೊಂಡು ಬರುವವನು. ಎಷ್ಟೋ ಸಲ ಗುಬ್ಬಿ ಬಂದರೂ ಇಳಿಯದೆ ನಿಟ್ಟೂರಿನವರೆಗೆ ಹೋಗಿ ವಾಪಸ್ ಬಂದಿದ್ದಾನೆ. ನಿದ್ದೆ ಮಾಡಿದ್ಯೇನೋ ಅಂದರೆ, 'ಇಲ್ಲ ಸುಧಕ್ಕ, ಎಚ್ಚರವಾಗೇ ಇದ್ದೆ. ತೆಂಗಿನ ತೋಟದಾಗೆ ಬಿಸಿಲು ಬಿದ್ದಿತ್ತು, ಸ್ಲಿಪ್‌ನಾಗೆ ನಿಂತವ್ರ ನೆರಳು ಕಂಡಂಗಾಯ್ತು' ಅನ್ನುತ್ತಿದ್ದ. ಅಯ್ಯೋ ಇವನ ತಲೆಗಿಷ್ಟು ಅಂದುಕೊಂಡು ಮೂರನೇ ಮಷೀನು ಆನ್ ಮಾಡಿ ಕೊಡುತ್ತಿದ್ದೆ.

ಕ್ರಿಕೆಟ್ ಹುಚ್ಚು. ಅದೂ ಎಲ್ಲರಿಗೂ ಇರುವ ಹುಚ್ಚಲ್ಲ, ರಣಜಿ ಹುಚ್ಚು. ಯಾರೂ ನೋಡದ ಮ್ಯಾಚು, ಟಿವಿಯಲ್ಲಿ ತೋರಿಸದ ಮ್ಯಾಚು. ಪರದೆಯ ಮೇಲೆ ಬರೀ ಅಂಕಿ ಬರುತ್ತಿತ್ತು, ಇಷ್ಟು ರನ್ನಿಗೆ ಇಷ್ಟು ವಿಕೆಟ್ಟು ಅಂತ. ಅದನ್ನು ಓದಿ ಕಣ್ಣು ಅರ್ಧ ಮುಚ್ಚಿ ಕೂರುತ್ತಿದ್ದ. ನನಗೆ ಕಾಣುತ್ತಿದ್ದದ್ದು ಧೂಳು ಹಿಡಿದ ಮಾನಿಟರು, ಅವನಿಗೆ ಇಡೀ ಮೈದಾನ. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ ಅನ್ನುತ್ತಿದ್ದ, ಬೌಲರ್ ಪ್ಯಾಂಟಿಗೆ ಚೆಂಡು ಉಜ್ಜುತ್ತಿದ್ದಾನೆ ಅನ್ನುತ್ತಿದ್ದ. ಒಂದೊಂದು ಸಂಜೆ ನಾನೂ ಗಲ್ಲಾ ಬಿಟ್ಟು ಅವನ ಹಿಂದೆ ನಿಂತು ಆ ಅಂಕಿಗಳನ್ನೇ ನೋಡುತ್ತಿದ್ದೆ. ನನಗೇನೂ ಕಾಣಲಿಲ್ಲ. ಆದರೂ ನಿಂತಿರುತ್ತಿದ್ದೆ.

ನಮ್ಮ ರಾಜ್ಯದ ತಂಡದ ಅಭಿಮಾನಿಗಳದ್ದು ಇಂಟರ್ನೆಟ್ಟಿನಲ್ಲಿ ಒಂದು ಫೋರಂ ಇತ್ತು. ಮೈಸೂರು, ಶಿವಮೊಗ್ಗ, ದುಬೈ, ಎಲ್ಲೆಲ್ಲಿಯವರೋ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಂಡು ಒಬ್ಬರ ಮೇಲೊಬ್ಬರು ಬೀಳುವ ಜಾಗ. ನಮ್ಮ ಗುಬ್ಬಿ ಹುಡುಗರೂ ಒಂದು ದಂಡು ಇದ್ದರು, ಎಲ್ಲ ನನ್ನ ಸೆಂಟರಿನಿಂದಲೇ. ಒಂದು ಸಲ ಯಾರನ್ನು ತಂಡದಿಂದ ಕೈಬಿಡಬೇಕಿತ್ತು ಅಂತ ಇಬ್ಬರಿಗೆ ಹತ್ತಿಕೊಂಡು, ಮಾತು ಅಪ್ಪ-ಅಮ್ಮನವರೆಗೆ ಹೋಯಿತು. ನಾಗಭೂಷಣನಿಗೆ ತಡೆಯಲಾಗಲಿಲ್ಲ. ಇಬ್ಬರಿಗೂ ಬೇರೆ ಬೇರೆಯಾಗಿ ಮೆಸೇಜು ಹಾಕಿದ: 'ಊಟ ಆಯ್ತಾ ಸಾರ್?' ಅಷ್ಟೇ. ಬೈಯಲು ತೋಳೇರಿಸಿ ಕೂತವರಲ್ಲಿ ಒಬ್ಬ 'ಇನ್ನೂ ಇಲ್ಲ, ಈಗ ಹೋಗ್ತೀನಿ' ಅಂತ ಬರೆದು ಎದ್ದು ಹೋದ. ಇನ್ನೊಬ್ಬ ಮಧ್ಯಾಹ್ನ ತಿಂದ ಅವರೆಕಾಳು ಸಾರಿನ ವಿಷಯ ಬರೆದ. ಜಗಳ ಅಲ್ಲಿಗೇ ಮುಗಿಯಿತು.

ಆ ಫೋರಂ ನಡೆಸುತ್ತಿದ್ದವರು ಮೈಸೂರಿನ ಲಕ್ಷ್ಮೀಕಾಂತ್. ಮುಖ ನೋಡಿದವರಿಲ್ಲ. ವಿಷಯ ಅವರ ಕಿವಿಗೆ ಬಿದ್ದು, 'ನೀವು ಮಾಡರೇಟರ್ ಆಗ್ತೀರಾ?' ಅಂತ ಕೇಳಿದರು. ಕೆಟ್ಟದ್ದು ಬರೆದರೆ ಅಳಿಸುವುದು, ಬುದ್ಧಿ ಹೇಳುವುದು, ಕೇಳದಿದ್ದರೆ ಆಚೆ ಹಾಕುವುದು. ಸಂಬಳ ಇಲ್ಲ. ಆದರೆ ಎಲ್ಲರ ಹೆಸರೂ ಕಪ್ಪಕ್ಷರದಲ್ಲಿದ್ದರೆ ಮಾಡರೇಟರ್ ಹೆಸರು ಹಸಿರು. ಆ ಹಸಿರನ್ನು ನೋಡಿ ನಾಗಭೂಷಣ ಕೂತಲ್ಲೇ ನಗುತ್ತಿದ್ದ. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಹೇಳಿದ್ದನ್ನು ಮಾಡಬೇಕು, ಮನೆಯಲ್ಲಿ ಅಪ್ಪ ಹೇಳಿದ್ದನ್ನು ಮಾಡಬೇಕು. 'ನೀವೇ ಒಂದು ಮಾತು ಹೇಳಿ ಸಾರ್' ಅಂತ ಅವನನ್ನು ಕೇಳುವವರು ಈ ಭೂಮಿಯ ಮೇಲೆ ಆ ಫೋರಂ ಒಂದರಲ್ಲೇ ಇದ್ದದ್ದು. ಅದು ಅವನಿಗೆ ಪ್ರಾಣ.

ಅವನ ಹೆಂಡತಿ ಶಶಿರೇಖಾ, ಅಮೃತೂರು ಕಡೆಯ ಹುಡುಗಿ, ಒಂದಿನ ನನ್ನ ಅಂಗಡಿಗೇ ಬಂದಳು. 'ಎಲ್ಲಿ ತೋರ್ಸಿ ಸುಧಕ್ಕ, ನಮ್ಮನೆಯವ್ರ ಹಸ್ರು ಹೆಸ್ರು' ಅಂದಳು. ತೋರಿಸಿದೆ. 'ಸಂಬಳ ಇಲ್ದೆ ಇಷ್ಟ್ ಖುಷೀನಾ! ಮದ್ವೆ ದಿನ ಇಷ್ಟ್ ನಗ್ಲಿಲ್ಲ ಕಣಕ್ಕ' ಅಂತ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಅವನ ಕೆಲಸದ ಕ್ರಮ ಒಂದೇ. ಯಾರೋ ಕಿತ್ತಾಡಿದರೆ ಮೊದಲು ಊಟ ಕೇಳುವುದು, ಆಮೇಲೆ ಬುದ್ಧಿ. 'ಊಟದ ಸಾರ್' ಅಂತಲೇ ಹೆಸರು ಬಿತ್ತು. ಒಂದು ವರ್ಷ ಹಾಗೇ ನಡೆಯಿತು, ಯಾರನ್ನೂ ಆಚೆ ಹಾಕುವ ಪ್ರಮೇಯ ಬರಲಿಲ್ಲ.

ಆಮೇಲೆ ಬಂತು ಹುಲಿ. 'ಗುಬ್ಬಿ ಹುಲಿ' ಅಂತ ಹೆಸರಿಟ್ಟುಕೊಂಡು ಯಾವನೋ ದಿನಾ ಸಂಜೆ ಬಂದು ಕೊಳಕು ಬಾಯಿ ಬಿಡುತ್ತಿದ್ದ. ನಾಗಭೂಷಣ ಊಟ ಕೇಳುತ್ತಿದ್ದ, ಹುಲಿ ಸಾಧುವಾಗಿ ಉತ್ತರ ಕೊಡುತ್ತಿತ್ತು. 'ಆಯ್ತು ಸಾರ್. ಮುದ್ದೆ ಸ್ವಲ್ಪ ಗಟ್ಟಿ ಆಗಿತ್ತು.' ಇನ್ನೊಂದಿನ, 'ಇಲ್ಲ ಸಾರ್, ಹೋಟ್ಲು ಬಾಗ್ಲು ಹಾಕಿತ್ತು.' ಆ ಹೊತ್ತಿಗೆ ಕ್ಷಮೆಯನ್ನೂ ಕೇಳುತ್ತಿತ್ತು. ಮಾರನೇ ಸಂಜೆ ಮತ್ತೆ ಅದೇ ರಾಗ. ಹೆಸರಿಗೇ ಗುಬ್ಬಿ ಅಂತಿದೆಯಲ್ಲ, ನಮ್ಮೂರ ಮಾನ ತೆಗೆಯುತ್ತಿದ್ದಾನೆ ಅಂತ ಹುಡುಗರಿಗೂ ಸಿಟ್ಟು. ನನ್ನ ಸೆಂಟರಿನಲ್ಲಿ ಮಷೀನಿಗೊಂದು ಪ್ಲೈವುಡ್ ಗೂಡು ಇತ್ತು. ಯಾರು ಏನು ಬರೆಯುತ್ತಾರೆ ಅಂತ ಇಣುಕುವ ಚಾಳಿ ನನ್ನದಲ್ಲ. ಹಾಗಾಗಿ ಹುಲಿ ಯಾವ ಗೂಡಿನದು ಅಂತ ನನಗೂ ಗೊತ್ತಿರಲಿಲ್ಲ.

ಒಂದು ಸಂಜೆ ನಮ್ಮ ತಂಡ ಗೆಲ್ಲಬೇಕಿದ್ದ ಮ್ಯಾಚು ಸೋತಿತು. ಆ ವರ್ಷವೇ ಆಡಲು ಬಂದ ಒಬ್ಬ ಹುಡುಗ ಕ್ಯಾಚು ಬಿಟ್ಟಿದ್ದ. ಹುಲಿ ಆ ಹುಡುಗನ ತಾಯಿಯ ಮೇಲೆ ಬಾಯಿಗೆ ತರಬಾರದ್ದು ಬರೆಯಿತು. ನಾಗಭೂಷಣನಿಗೆ ಅಂದು ಫ್ಯಾಕ್ಟರಿಯಲ್ಲೂ ಮಂಗಳಾರತಿ ಆಗಿತ್ತು. ಊಟ ಕೇಳಲಿಲ್ಲ. ಹೆಸರು ತೆಗೆದರೆ ಇನ್ನೊಂದು ಹೆಸರಲ್ಲಿ ಬರುತ್ತಾನೆ, ಕಂಪ್ಯೂಟರ್ ಲೈನಿನ ಅಡ್ರೆಸ್ಸನ್ನೇ ಮುಚ್ಚಬೇಕು ಅಂತ ಲಕ್ಷ್ಮೀಕಾಂತ್ ಮೊದಲೇ ಹೇಳಿಕೊಟ್ಟಿದ್ದರು, ಹಲ್ಲು ಕಚ್ಚಿ ಹಾಗೇ ಮಾಡಿದ.

ಅದಾಗಿದ್ದೇ ತಡ, ಎಲ್ಲ ಗೂಡುಗಳಿಂದಲೂ ಹುಡುಗರು ಬಾಯಿ ಬಡಿದುಕೊಂಡರು. 'ಸುಧಕ್ಕ, ಒಳಕ್ಕೇ ಬಿಡ್ತಿಲ್ಲ!' ಫೋರಮ್ಮಿನ ಬಾಗಿಲು ಎಲ್ಲರಿಗೂ ಮುಚ್ಚಿತ್ತು. ನಾಗಭೂಷಣನಿಗೂ. ಇಡೀ ಸೆಂಟರಿಗೆ ಇದ್ದದ್ದು ಒಂದೇ ಲೈನು, ಒಂದೇ ಅಡ್ರೆಸ್ಸು. ಫೋರಮ್ಮಿಗೆ ಬರುವ ಗುಬ್ಬಿಯವರೆಲ್ಲ ಇದ್ದದ್ದು ಅದರಲ್ಲೇ. ಹುಲಿಯನ್ನು ಓಡಿಸಲು ಹೋಗಿ ಇಡೀ ಊರನ್ನೇ ಆಚೆ ಹಾಕಿ, ತಾನೂ ಆಚೆ ನಿಂತಿದ್ದ ಮಹಾನುಭಾವ!

'ಲೋ, ನಿಂಗೇನ್ ತಲೆ ನೆಟ್ಟಗಿದ್ಯೇನೋ?' ಅಂದೆ. ಅವನು ಪರದೆಯನ್ನೇ ನೋಡುತ್ತಾ ಕೂತಿದ್ದ, ಎದುರಿಗಿದ್ದ ಮೈದಾನವನ್ನು ಯಾರೋ ಚಾಪೆಯಂತೆ ಸುತ್ತಿ ಎತ್ತಿಕೊಂಡು ಹೋದ ಹಾಗೆ.

ಭಾನುವಾರ ಶಶಿರೇಖಾಳ ಜೊತೆ ಅತ್ತೆಯ ಮನೆಗೆಂದು ಅಮೃತೂರಿಗೆ ಹೊರಟವನು, ಕುಣಿಗಲ್ಲಿನಲ್ಲೇ ಇಳಿದು ಅಲ್ಲಿಯ ಸೈಬರಿಗೆ ಓಡಿ, ನಮ್ಮ ಲೈನಿಗೆ ತಾನೇ ಹಾಕಿದ್ದ ಬೀಗ ತೆಗೆದ. ಲಕ್ಷ್ಮೀಕಾಂತರ ಮಾತು ಅಲ್ಲಿ ಕಾದಿತ್ತು. ಹುಲಿ ನಿಮ್ಮೂರಿನವನು, ಅಡ್ರೆಸ್ಸು ನೋಡಿದರೆ ನಿಮ್ಮ ಸೆಂಟರಿನಲ್ಲೇ ಕೂರುವವನು, ಯಾರು ಅಂತ ಪತ್ತೆ ಮಾಡಿ. ಹೆಸರು, ಕೆಲಸ ಸಮೇತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತೇನೆ, ಆಗ ಬುದ್ಧಿ ಬರುತ್ತದೆ. ಹೇಳಲಾಗದಿದ್ದರೆ ಮಾಡರೇಟರ್ ಕೆಲಸ ಬಿಟ್ಟುಕೊಡಿ. ಅದನ್ನು ಓದಿ, ಕೆರೆ ಏರಿಯ ಮೇಲೆ ಬಹಳ ಹೊತ್ತು ಕೂತಿದ್ದನಂತೆ. ನೀರಿನ ಮೇಲೆ ಬಿಸಿಲು ಆಡುತ್ತಿತ್ತು, ಎಲ್ಲೋ ಚಪ್ಪಾಳೆ ತಟ್ಟಿದ ಹಾಗೆ ಕೇಳುತ್ತಿತ್ತು ಅಂದ. ಶಶಿರೇಖಾ ಬಂದು ತೋಳು ಹಿಡಿದು ಎಬ್ಬಿಸಿಕೊಂಡು ಹೋದಳಂತೆ.

'ಕಂಡ್ಹಿಡಿದೇ ಹಿಡೀತೀನಿ ಸುಧಕ್ಕ. ಹಸ್ರು ಹೋದ್ರೆ ನಂಗೇನೈತೆ?' ಅಂದ ವಾಪಸ್ ಬಂದವನು.

ಮೂರು ಸಂಜೆ ಹುಲಿಯ ಸದ್ದಿಲ್ಲ. ನಾಲ್ಕನೇ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಕರೆಂಟು ಹೋಯಿತು. ಯುಪಿಎಸ್ ಎರಡು ಸಲ ಕುಂಯ್ ಅಂದು ಸತ್ತಿತು. ಹುಡುಗರೆಲ್ಲ ಗಾಳಿಗೆ ಅಂತ ಬೀದಿಗೆ ಹೋದರು, ನಾನೂ ನಾಗಭೂಷಣನೂ ಒಳಗೇ ಉಳಿದೆವು. ಮೂಲೆಯ ಗೂಡಿನಲ್ಲಿ ಮಾತ್ರ ಒಂದು ಮೊಬೈಲು ಬಿಡದೆ ಬಡಿದುಕೊಳ್ಳುತ್ತಿತ್ತು. ಯಾರು ಅಂತ ನೋಡಿದರೆ ಕನಕರಾಜು, ನಮ್ಮೇರಿಯಾದ ಲೈನ್‌ಮನ್. ಅಮೃತೂರಿನಿಂದ ವರ್ಗವಾಗಿ ಬಂದು ಗುಬ್ಬಿಯಲ್ಲಿ ಒಂಟಿ ರೂಮು ಮಾಡಿಕೊಂಡಿದ್ದವನು. ದಿನಾ ಸಂಜೆ ಮೇಲ್ ನೋಡಬೇಕು ಅಂತ ಬಂದು ಕೂರುತ್ತಿದ್ದ.

ನನಗೆ ರೇಗಿಹೋಯಿತು. 'ಅಲ್ರೀ ಕನಕರಾಜು, ನೀವೇ ಇಲ್ಲಿ ಕೂತಿದ್ರೆ ಕರೆಂಟ್ ಯಾರ್ರೀ ಕೊಡ್ತಾರೆ? ನಮ್ ಹೊಟ್ಟೆ ಮೇಲೆ ಯಾಕ್ರೀ ಹೊಡೀತೀರಾ?'

ಅವನು ಎದ್ದ. ಅಂಗಿಯ ತುಂಬ ಕಂಬದ ತುಕ್ಕು. ಕೈಯಲ್ಲಿ ಫೋನು ಮತ್ತೆ ಬಡಿದುಕೊಂಡಿತು, ಎತ್ತಿದ, ಅತ್ತ ಕಡೆಯವರು ಬೈಯುವುದು ನಮಗೂ ಕೇಳಿಸಿತು. ಆ ಮಬ್ಬಿನಲ್ಲಿ ನಾಗಭೂಷಣ ಅವನ ಮುಖ ನೋಡಿದ. ಯೋಚಿಸಿ ಅಲ್ಲ, ಅಭ್ಯಾಸಬಲದಿಂದ ಕೇಳಿದ.

'ಊಟ ಆಯ್ತಾ ಸಾರ್?'

ಕನಕರಾಜು ಫೋನು ಕಟ್ ಮಾಡಿದ. 'ನೀವಾ ಸಾರ್... ಊಟದ್ ಸಾರು ನೀವಾ?' ಅಂದವನೇ ಮತ್ತೆ ಸ್ಟೂಲಿನ ಮೇಲೆ ಕುಸಿದ. 'ಹುಲಿ ನಾನೇ ಸಾರ್.'

ನಾನು ಬಾಯಿ ತೆರೆದೆ. ನಾಗಭೂಷಣ ಸುಮ್ಮನಿರು ಅಂತ ಕೈ ತೋರಿಸಿದ.

'ಈ ಊರಿಗೆ ಬಂದಾಗಿಂದ ಫೋನ್ ಎತ್ತಿದ್ರೆ ಕರೆಂಟ್ ಯಾವಾಗ ಬತ್ತದೆ ಅಂತಾರೆ. ಅದೂ ಬೈದು. ಒಂದಿನ ಮ್ಯಾಚ್ ಸೋತು ಬೇಜಾರಾಗಿ ಅಲ್ಲಿ ಏನೋ ಕೆಟ್ಟದಾಗಿ ಬರ್ದೆ. ನಿಮ್ದು ಬಂತು, ಊಟ ಆಯ್ತಾ ಅಂತ. ಮಾರ್ನೇ ದಿನ ಒಳ್ಳೆ ಮಾತು ಬರ್ದೆ ಸಾರ್, ಯಾರೂ ಏನೂ ಕೇಳ್ನಿಲ್ಲ. ಅದ್ಕೆ ಮತ್ತೆ ಬೈದೆ. ನೀವ್ ಕೇಳ್ಲಿ ಅಂತಾನೇ ಬೈತಿದ್ದೆ. ಆವತ್ತು ನೀವ್ ಕೇಳ್ನೇ ಇಲ್ಲ.'

ನಾಗಭೂಷಣ ಹಣೆ ಚಚ್ಚಿಕೊಂಡ. ಜಗಳ ಆಡಿದವರನ್ನಷ್ಟೇ ಊಟ ಕೇಳುತ್ತಿದ್ದನಲ್ಲ, ಸುಮ್ಮನೆ ನೆಟ್ಟಗಿದ್ದ ಒಬ್ಬರನ್ನೂ ಕೇಳಿರಲಿಲ್ಲ. 'ಎಂಥಾ ಕೆಲ್ಸ ಮಾಡ್ದೆ ಸುಧಕ್ಕ' ಅಂದ. ಆಮೇಲೆ ಕನಕರಾಜು ಕಡೆ ತಿರುಗಿ, 'ಆದ್ರೂ ಆ ಹುಡುಗನ ತಾಯಿ ಸುದ್ದಿಗೆ ಹೋಗ್ಬಾರ್ದಿತ್ತು ಸಾರ್' ಅಂದ. ಊಟ ಕೇಳಿಯಾಗಿತ್ತಲ್ಲ, ಬೈಯುವ ಹಕ್ಕಿತ್ತು. ಕನಕರಾಜು ತಲೆ ತಗ್ಗಿಸಿ, 'ತಪ್ಪಾಯ್ತು' ಅಂದ. 'ಕರೆಂಟ್ ಹಾಕ್ಬಿಟ್ಟು ಮನೆಗ್ ಬನ್ನಿ. ನಮ್ಮನೆಯವ್ಳೂ ನಿಮ್ಮೂರವ್ಳೇ' ಅಂದ ನಾಗಭೂಷಣ.

ಆ ರಾತ್ರಿ ಕನಕರಾಜು ಅಲ್ಲೇ ಉಂಡನಂತೆ. ಮಾರನೇ ದಿನ ನಾಗಭೂಷಣ ಮೂರನೇ ಮಷೀನಿನಲ್ಲಿ ಕೂತು, ಲಕ್ಷ್ಮೀಕಾಂತರಿಗೆ ಬರೆದದ್ದನ್ನು ನನ್ನನ್ನು ಕರೆದು ತೋರಿಸಿದ. 'ಹುಲಿ ಯಾರು ಅಂತ ಗೊತ್ತಾಯಿತು. ಇನ್ನು ಬೈಯುವುದಿಲ್ಲ. ಹೆಸರು ಹೇಳುವುದಿಲ್ಲ.' ಕಳಿಸುವ ಮುಂಚೆ ತನ್ನ ಹಸಿರು ಹೆಸರನ್ನು ಒಂದು ಸಲ ಬೆರಳಿನಿಂದ ಮುಟ್ಟಿದ. ಬೇಡ ಕಣೋ, ಹೇಳಿಬಿಡು, ಯಾರು ಕೇಳ್ತಾರೆ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಅವನು ಕಳಿಸಿಯೇಬಿಟ್ಟ.

ಲಕ್ಷ್ಮೀಕಾಂತ್ ಕೆಟ್ಟವರಲ್ಲ, ಆದರೆ ಮಾತಿಗೆ ತಪ್ಪುವವರೂ ಅಲ್ಲ. ಎರಡು ದಿನಕ್ಕೆ ಹೆಸರು ಕಪ್ಪಾಯಿತು. ನಾಗಭೂಷಣ ಅದನ್ನು ನೋಡಿ, 'ಹೊಟ್ಟೆ ಉರೀತದೆ ಸುಧಕ್ಕ' ಅಂದ, ಅಷ್ಟೇ. ಒಂದು ವಾರ ಈ ಕಡೆ ಸುಳಿಯಲಿಲ್ಲ. ಬಸ್ಸಿನಿಂದ ಇಳಿದು ತಲೆ ಬಗ್ಗಿಸಿಕೊಂಡು ನೆಟ್ಟಗೆ ಮನೆಗೆ. ಗುಬ್ಬಿ ದಾಟಿ ಹೋಗುವುದೂ ನಿಂತಿತು. ಅದನ್ನು ಕೇಳಿ ನನಗೆ ಇನ್ನೂ ಸಂಕಟವಾಯಿತು.

ಕಡೆಗೆ ನಾನೇ ಹೋಗಿ ಎಳೆದುಕೊಂಡು ಬಂದೆ. ಅಂದು ಮ್ಯಾಚಿತ್ತು. ಮೂರನೇ ಮಷೀನಿಗೆ ಕೂತ. ಪ್ಲೈವುಡ್ಡಿನ ಆ ಬದಿಗೆ ಕನಕರಾಜು ಮೊದಲೇ ಬಂದು ಕೂತಿದ್ದ, ಇವನಿಗೆ ಗೊತ್ತಿಲ್ಲ. ನಾಗಭೂಷಣ ಕಪ್ಪು ಹೆಸರಿನಲ್ಲೇ, ಎಲ್ಲರ ನಡುವೆ, 'ಇವತ್ತು ಪಿಚ್ಚಿನಲ್ಲಿ ತೇವ ಇರಬೇಕು' ಅಂತ ಒಂದು ಸಾಲು ಹಾಕಿದ. ಆ ಬದಿಯಲ್ಲಿ ಒಂದೊಂದೇ ಕೀ ಹುಡುಕಿ ಕುಟ್ಟುವ ಸದ್ದು ಕೇಳಿತು. ಪರದೆಯ ಮೇಲೆ ಗುಬ್ಬಿ ಹುಲಿಯ ಹೆಸರು ಬಂತು.

'ಊಟ ಆಯ್ತಾ ಸಾರ್?'

ಅಷ್ಟು ದಿನ ನಾಗಭೂಷಣ ಎಷ್ಟು ಜನರನ್ನು ಕೇಳಿದ್ದನೋ, ಆ ಫೋರಮ್ಮಿನಲ್ಲಿ ಒಬ್ಬನೇ ಒಬ್ಬ ಅವನನ್ನು ತಾನಾಗಿ ಕೇಳಿರಲಿಲ್ಲ. ಕೀಬೋರ್ಡಿನ ಮೇಲೆ ಕೈ ಇಟ್ಟ, ತೆಗೆದ, ಕಣ್ಣೊರೆಸಿಕೊಂಡ.

'ಥೂ ನಿಮ್ಮ! ಒಂದು ಹಲಗೆ ಆಚೆ ಕೂತವ್ನಿಗೆ ಮೈಸೂರಿನ ಮೇಲಾಸಿ ಉತ್ರ ಕೊಡ್ತೀಯೇನೋ? ಬಾಯಲ್ಲಿ ಹೇಳೋ!' ಅಂತ ನಾನು ಕೂಗಿಕೊಂಡೆ, ನನ್ನ ಕಣ್ಣೂ ತುಂಬಿದ್ದು ಕಾಣದಿರಲಿ ಅಂತ.

'ಇನ್ನೂ ಇಲ್ಲ' ಅಂದ ನಾಗಭೂಷಣ, ಪ್ಲೈವುಡ್ಡಿಗೆ.

'ನಂದೂ ಇಲ್ಲ. ಬನ್ನಿ' ಅಂತು ಪ್ಲೈವುಡ್ಡು.

ಇಬ್ಬರೂ ಎದ್ದು ಹೋದರು. ಮ್ಯಾಚು ನಡೆಯುತ್ತಲೇ ಇತ್ತು. ನಾನು ಮೂರನೇ ಮಷೀನಿನ ಮುಂದೆ ಕೂತು ಆ ಅಂಕಿಗಳನ್ನು ನೋಡಿದೆ, ಅವನು ಬಂದು ಕೇಳಿದರೆ ಸ್ಕೋರ್ ಹೇಳೋಣ ಅಂತ.