ಬೆಂಕಿಯ ಸುದ್ದಿಯಲ್ಲಿ ಇಲ್ಲದ ಹೆಸರು

ಬೆಳಕು ಹರಿಯುವ ಮೊದಲೇ ಅಡಿಲೇಡಿನ ಸ್ಯಾಲಿಸ್‌ಬರಿಯ ಈ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದಿದೆ. ಪಕ್ಕದಲ್ಲಿ ಇಡ್ಲಿ ಬೇಯುತ್ತಿದೆ. ಪರದೆಯ ಮೇಲೆ, ವಲಸಿಗರು ಆಗಷ್ಟೇ ಕಟ್ಟಿಕೊಂಡಿದ್ದ ಅಮೆರಿಕದ ಪಶ್ಚಿಮ ಗಡಿಯ ಊರೊಂದರ ಪತ್ರಿಕೆ. ಸುಮಾರು ನೂರೈವತ್ತು ವರ್ಷ ಹಳೆಯದು. ನಮಿತಾ ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲು ತಿದ್ದುತ್ತಾರೆ.

ಹಳೆಯ ಅಚ್ಚನ್ನು ಯಂತ್ರ ಓದಿದಾಗ ತಪ್ಪುಗಳೇ ಹೆಚ್ಚು. ಮೂಲ ಪುಟ ನೋಡಿ, ಪತ್ರಿಕೆಯನ್ನು ಕಾಪಿಟ್ಟಿರುವ ಲೈಬ್ರರಿಗಾಗಿ ಸರಿಪಡಿಸುವುದು ಇವರ ಕೆಲಸ. ದಾವಣಗೆರೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದವರು, ಗಂಡ ಸಂತೋಷ್ ಅವರಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ ಬಂದರು. ದಿನಕ್ಕೆ ಆರೇಳು ಪುಟ. ಆಮೇಲೆ ವೃದ್ಧಾಶ್ರಮದಲ್ಲಿ ಪಾಳಿ. ತಿದ್ದಿದವರ ಹೆಸರು ಯಾವ ಪುಟದಲ್ಲೂ ಇರುವುದಿಲ್ಲ.

ಕಷ್ಟ ಕಣ್ಣಿನದಷ್ಟೇ ಅಲ್ಲ. ಆ ಪತ್ರಿಕೆಯಲ್ಲಿ ಪ್ರತಿ ವಾರವೂ ನಗೆಯ ಅಂಕಣವಿದೆ. ಅರ್ಧಕ್ಕರ್ಧ ಕಪ್ಪು ಜನರನ್ನು ಹೀಯಾಳಿಸುವಂಥದ್ದೇ. ಅವರ ಮಾತನ್ನು ಬೇಕೆಂದೇ ತಿರುಚಿ ಬರೆಯುವುದು, ಹೇಡಿಗಳು, ಕೋಳಿಕಳ್ಳರು ಎಂದು ನಗಿಸುವುದು. ಅವನ್ನು ಇಲ್ಲಿ ಮತ್ತೆ ಬರೆಯುವುದು ಸರಿಯೆನಿಸುವುದಿಲ್ಲ. ನಮಿತಾ ಮಾತ್ರ ಒಂದಕ್ಷರ ಬಿಡದೆ ಟೈಪ್ ಮಾಡಬೇಕು.

“ಮಮ್, ದಟ್ಸ್ ಡಿಸ್ಗಸ್ಟಿಂಗ್. ಜಸ್ಟ್ ಸ್ಕಿಪ್ ಇಟ್,” ಎನ್ನುತ್ತಾಳೆ ಮಗಳು ಕೃತಿ, ಇಡ್ಲಿಗೆ ಕೈಚಾಚುತ್ತಾ.

“ನಾನ್ ಬಿಟ್ಬಿಟ್ರೆ ಬರ್ದೋರೆಲ್ಲ ಒಳ್ಳೆಯವ್ರಾಗ್ಬಿಡ್ತಾರಲ್ಲೇ!” ಎಂದ ನಮಿತಾ, ಅವರ ಕೆಲಸದ ಬಗ್ಗೆ ಬರೆಯಲು ಬಂದು ಕುಳಿತಿರುವ ನನ್ನ ಕಡೆ ತಿರುಗುತ್ತಾರೆ. “ನಮ್ ಇಂಗ್ಲಿಷ್ ಆಡಿ ತೋರ್ಸಿ ನಗೋರು ಡ್ಯೂಟೀಲೂ ಇದಾರೆ. ಅದು ಪೇಪರಲ್ಲಿ ಬರ್ಲಿಲ್ಲ, ಅಷ್ಟೇ.”

ಈ ತಿಂಗಳು ಒಂದು ನಗೆತುಣುಕು ಅವರನ್ನು ತಡೆದು ನಿಲ್ಲಿಸಿದೆ. ಆ ಊರಿಗೆ ಬೆಂಕಿ ಬಿದ್ದಾಗ ಹೊಳೆಯಿಂದ ನೀರು ಹೊತ್ತು ಶಾಲೆ ಉಳಿಸಿದವನು ‘ಸೇತುವೆ ಪಕ್ಕದ ಕಪ್ಪು ಕ್ಷೌರಿಕ’ ಎಂದು ಸುದ್ದಿಯಲ್ಲಿದೆ. ಹೆಸರಿಲ್ಲ. ಮರುವಾರದ ನಗೆಯ ಅಂಕಣ, ಅದೇ ಕ್ಷೌರಿಕ ಬಕೆಟ್ ಹಿಡಿದು ಓಡಿದ್ದನ್ನು ಅಣಕಿಸಿದೆ. ಅಲ್ಲಿ ಹೆಸರಿದೆ: ಎಲೈಜಾ ಪ್ರಾಕ್ಟರ್.

ಮುಂದೆ ಅವನ ಹೆಸರು ಹುಡುಕಿದವರಿಗೆ ಅಣಕವೊಂದೇ ಸಿಗುತ್ತದೆ. ಅಚ್ಚಾಗದ್ದನ್ನು ಸುದ್ದಿಗೆ ಸೇರಿಸುವಂತಿಲ್ಲ. ಬ್ರಿಸ್ಬೇನಿನ ಫಾರೆಸ್ಟ್ ಲೇಕ್ ಬಡಾವಣೆಯಲ್ಲಿ ಕುಳಿತು ಈ ಕೆಲಸ ಹಂಚುವ ವಿನಯ್ ಅವರಿಗೆ ನಮಿತಾ ಫೋನ್ ಮಾಡುತ್ತಾರೆ.

“ಆಂಟಿ, ಮತ್ತೆ ಆ ಬಾರ್ಬರ್ ವಿಷ್ಯಾನಾ? ಪುಟ ಇವತ್ತೇ ಕೊಡ್ಬೇಕು.”

“ಕೊಡ್ತೀನಪ್ಪ. ಸುದ್ದೀನ ಮುಟ್ಟಲ್ಲ. ಕೆಳಗೆ ಒಂದು ಟಿಪ್ಪಣಿ ಹಾಕ್ತೀನಿ, ಇವ್ನೇ ಅವ್ನು ಅಂತ.”

“ಲೈಬ್ರರಿಯವ್ರು ತೆಗೆದ್ಹಾಕಿದ್ರೆ?”

“ಮೊದ್ಲು ಕೇಳು. ಕೇಳೋಕ್ ಮುಂಚೆನೇ ಬೇಡ ಅನ್ಬೇಡ.”

ಆ ಕಡೆಯಿಂದ ನಗು. “ಆಯ್ತು ಆಂಟಿ, ಕೇಳ್ತೀನಿ.”

ಲೈಬ್ರರಿಯ ಉತ್ತರ ಇನ್ನೂ ಬಂದಿಲ್ಲ. ನಮಿತಾ ಅಣಕವನ್ನು ಏನೂ ಮೃದುಗೊಳಿಸದೆ ಪೂರ್ತಿ ಟೈಪ್ ಮಾಡುತ್ತಾರೆ. ಆಮೇಲೆ ಬೆಂಕಿಯ ಸುದ್ದಿಗೆ ಮರಳಿ, ಅದರ ಕೆಳಗೆ ಆ ಹೆಸರು ಬರೆದು, ಎರಡು ಸಲ ಓದಿ ನೋಡುತ್ತಾರೆ.

“ಅವ್ನ ವಂಶದೋರು ಯಾರಾದ್ರೂ ಹುಡುಕಿದ್ರೆ ಮೊದ್ಲು ನೀರು ಹೊತ್ತಿದ್ದು ಸಿಗ್ಬೇಕು,” ಎನ್ನುತ್ತಾರೆ. “ನಕ್ಕಿದ್ದು ಆಮೇಲೆ ಸಿಗ್ಲಿ.”