ತಗಡಿನ ಟ್ರಂಕು, ಮದುವೆ ಹೆಣ್ಣಿನ ಬ್ಲೌಸು

ಕಳೆದ ವಾರ ತಗಡಿನ ಟ್ರಂಕೊಂದನ್ನು ಹಿಡಿದುಕೊಂಡು ರಾಯದುರ್ಗದಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ಅದನ್ನು ಕಾಲಿನಿಂದ ಸರಿಸಲು ನೋಡಿದರು. ಟ್ರಂಕು ಅಲ್ಲಾಡಲಿಲ್ಲ.

"ಏನೈತ್ರಿ ಇದರಾಗ?"

"ಕರೆಂಟು ಐತ್ರಿ," ಎಂದೆ.

ನನ್ನ ಮುಖವನ್ನೊಮ್ಮೆ ನೋಡಿ, ಲಗೇಜ್ ಟಿಕೆಟ್ ಕೊಟ್ಟು ಮುಂದೆ ಹೋದರು. (ನಾನೇನೂ ಸುಳ್ಳು ಹೇಳಿರಲಿಲ್ಲ.)

ಟ್ರಂಕಿನೊಳಗೆ ಬ್ಯಾಟರಿ ಮತ್ತು ಅದಕ್ಕೆ ಬಿಸಿಲಿನ ಕರೆಂಟನ್ನು ಹದವಾಗಿ ತುಂಬುವ ಚಾರ್ಜ್ ಕಂಟ್ರೋಲರ್ ಇದ್ದವು. ಬಿಸಿಯಾಗುತ್ತದೆಂದು ಇನ್ವರ್ಟರನ್ನು ಟ್ರಂಕಿನ ಹೊರಮೈಗೆ ಕೂರಿಸಿದ್ದೆ. ಕಂಕುಳಲ್ಲಿ ಸೋಲಾರ್ ಪ್ಯಾನೆಲ್. ವಿಡಿಯೊ ನೋಡಿ, ಅಂಗಡಿಯವರ ತಲೆ ತಿಂದು, ಎಲ್ಲವನ್ನೂ ನಾನೇ ಜೋಡಿಸಿದ್ದೆ. ದಾರಿಯಲ್ಲಿ ಅಪಾಯವಾಗದಿರಲಿ ಎಂದು ಫ್ಯೂಸ್ ಕಿತ್ತು ಪರ್ಸಿನಲ್ಲಿಟ್ಟುಕೊಂಡಿದ್ದೆ.

ಹೊರಟಿದ್ದು ಮಡಕಶಿರಾ ಪಕ್ಕದ ಗುಡಿಬಂಡೆಗೆ, ಅಕ್ಕನ ಮನೆಗೆ. ಅಕ್ಕ ಬ್ಲೌಸ್ ಹೊಲಿಯುತ್ತಾಳೆ. ಮಂಡಿನೋವಿನಿಂದ ಪೆಡಲ್ ತುಳಿಯಲಾಗದೆ ಮಷಿನ್‌ಗೆ ಮೋಟರ್ ಹಾಕಿಸಿಕೊಂಡಿದ್ದಾಳೆ. ಅವರ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿತ್ತು. ಮದುವೆ ಹೆಣ್ಣಿನ ಬ್ಲೌಸುಗಳನ್ನು ಅಂದು ಸಂಜೆಯೇ ಕೊಡಬೇಕಿತ್ತು.

"ಬಟ್ಟೆ ಎಲ್ಲಾ ಕತ್ತರಿಸಿಟ್ಟಿವ್ನಿ ಕಣೆ. ಆ ಹುಡ್ಗಿ ಅಮ್ಮಂಗೆ ಯಾವ ಮುಖ ತೋರ್ಸ್ಲಿ?" ಎಂದು ಹಿಂದಿನ ದಿನ ಫೋನ್ ಮಾಡಿ ಕರೆದಿದ್ದಳು. ಕರೆದರೂ ಹೋಗದಿದ್ದರೆ ತಂಗಿಯಾಗಿ ಏನು ಪ್ರಯೋಜನ?

ತಲುಪಿದ ಕೂಡಲೇ ಜಗಲಿಯಲ್ಲಿ ಟ್ರಂಕಿಟ್ಟು ಫ್ಯೂಸ್ ಸಿಕ್ಕಿಸಿದೆ. ಟಪ್ ಎಂದಿತು. ಫ್ಯೂಸ್ ಹೋಯಿತು.

ಅಕ್ಕ ಕತ್ತರಿಸಿಟ್ಟ ಬಟ್ಟೆಗಳನ್ನು ಮಡಚತೊಡಗಿದಳು.

ಭಾವ ಮಾತ್ರ ಉತ್ಸಾಹದಿಂದ ಎದ್ದರು. "ಅದ್ಕೆ ಯಾಕಮ್ಮ ತಲೆ ಕೆಡಿಸ್ಕಂತೀಯ? ಒಂದು ತಾಮ್ರದ ಎಳೆ ಸುತ್ತಿ ತೂರ್ಸು. ನಮ್ ತೋಟದ ಪಂಪಿನ ಸ್ಟಾರ್ಟರ್‌ಗೂ ಹಂಗೇ ಮಾಡಿರೋದು."

ಸುಳ್ಳಲ್ಲ, ಆಸೆಯಾಯಿತು. ಕೆಲಸ ನಿಂತಿದೆ, ಮದುವೆ ಮನೆಯವರು ಬರುವ ಹೊತ್ತಾಗುತ್ತಿದೆ, ಒಂದು ಎಳೆ ತಾನೆ?

"ಬೇಡ ಭಾವ," ಎಂದೆ. "ಈಗ ಫ್ಯೂಸ್ ಮಾತ್ರ ಸುಟ್ಟಿದೆ. ಎಳೆ ಸುತ್ತಿದ್ರೆ ವೈರೇ ಹತ್ಕೊಂಡು ಉರಿಯುತ್ತೆ. ಪಕ್ಕದಲ್ಲೇ ಹೆಣ್ಣಿನ ರೇಷ್ಮೆ ಬಟ್ಟೆ ಐತೆ."

ಬ್ಯಾಟರಿಯ ತುದಿಯಿಂದ ವೈರ್ ಬಿಚ್ಚಿ, ಒಂದೊಂದನ್ನೇ ಬೆರಳಲ್ಲಿ ಸವರುತ್ತಾ ಹೋದೆ. ಟ್ರಂಕಿನ ತೂತಿನ ಬಳಿ ಸಿಕ್ಕಿತು ನೋಡಿ. ಪ್ಲಸ್, ಮೈನಸ್ ಎರಡನ್ನೂ ಒಂದೇ ತೂತಿನಲ್ಲಿ ಇನ್ವರ್ಟರಿಗೆ ಎಳೆದಿದ್ದೆ. ಬಸ್ಸಿನ ಕುಲುಕಾಟಕ್ಕೆ ತಗಡಿನ ಅಂಚು ಎರಡರ ಸಿಪ್ಪೆಯನ್ನೂ ಸುಲಿದಿತ್ತು. ಒಳಗಿನ ತಾಮ್ರ ಒಂದಕ್ಕೊಂದು ತಾಗಿತ್ತು.

"ಅಕ್ಕಾ, ಸಿಕ್ತು," ಎಂದಾಗ ಅವಳು ಉಸಿರು ಬಿಟ್ಟಳು.

ಭಾವ ಇನ್ನೊಂದು ತೂತು ಕೊರೆದುಕೊಟ್ಟರು. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಎರಡೂ ತೂತಿನ ಅಂಚಿಗೆ ಹೊದಿಸಿದೆವು. ಚೀಲದಲ್ಲಿದ್ದ ಹೊಸ ದಪ್ಪ ವೈರ್ ಹಾಕಿ, ಬೇರೆ ಬೇರೆ ತೂತಿನಲ್ಲಿ ಎಳೆದು, ಸ್ಕ್ರೂಗಳನ್ನು ಬಿಗಿ ಮಾಡಿದೆ. ಕರೆಂಟು ಅಳೆಯುವ ಮೀಟರ್ ಇಟ್ಟು ಪ್ಲಸ್ಸಿಗೂ ಮೈನಸ್ಸಿಗೂ ಎಲ್ಲೂ ಸಂಪರ್ಕವಿಲ್ಲವೆಂದು ಖಾತ್ರಿಪಡಿಸಿಕೊಂಡೆ. ಆಮೇಲೆ ಬ್ಯಾಟರಿಯ ಪ್ಲಸ್ಸಿಗೆ ಅಂಟಿಕೊಂಡಂತೆಯೇ, ಪರ್ಸಿನಲ್ಲಿ ಉಳಿದಿದ್ದ ಒಂದೇ ಒಂದು ಹೊಸ ಫ್ಯೂಸ್. ಕಂಟ್ರೋಲರಿಗೆ ಮೊದಲು ಬ್ಯಾಟರಿ, ಅದಾದ ಮೇಲೆ ಪ್ಯಾನೆಲ್. (ಈ ಕ್ರಮ ತಪ್ಪಿದರೆ ಕಂಟ್ರೋಲರ್ ಕೈ ಕೊಡಬಹುದು.)

ಮೊದಲು ಬಲ್ಬ್ ಹಚ್ಚಿ ನೋಡಿದೆವು. ಉರಿಯಿತು. ಮಷಿನ್ ಹಾಕಿದೆವು.

ಟರ್ರ್ರ್ ಎಂದು ಸೂಜಿ ಓಡಿತು. ಅಕ್ಕ ನಕ್ಕಳು. ಅಷ್ಟು ಜೋರಾಗಿ ಅವಳು ನಕ್ಕು ಎಷ್ಟು ಕಾಲವಾಗಿತ್ತೋ. ಪಕ್ಕದ ಮನೆ ಹೆಂಗಸರೆಲ್ಲ ಜಗಲಿ ಮುಂದೆ ನೆರೆದರು. ಮಧ್ಯಾಹ್ನವೆಲ್ಲ ಭಾವ ಬಿಸಿಲು ತಿರುಗಿದ ಕಡೆಗೆ ಪ್ಯಾನೆಲ್ ತಿರುಗಿಸುತ್ತಾ, ಬಂದವರಿಗೆಲ್ಲ ಫ್ಯೂಸ್ ಎಲ್ಲಿರಬೇಕು, ಯಾಕಿರಬೇಕು ಎಂದು ಪಾಠ ಹೇಳಿದರು.

ಸಂಜೆ ಮದುವೆ ಹೆಣ್ಣಿನ ತಾಯಿ ಬಂದರು. "ಈ ಬೀದೀಲೇ ಕರೆಂಟಿಲ್ಲ. ಎಲ್ಲಿ ಹೊಲಿಸ್ಕಂಡ್ ಬಂದೆ ತಾಯಿ?"

"ಎಲ್ಲೂ ಇಲ್ಲ, ಇಲ್ಲೇ. ನನ್ ತಂಗಿ ಮಾಡಿರೋ ಪೆಟ್ಟಿಗೆ ನೋಡ್ರಿ," ಎಂದು ಅಕ್ಕ ನನ್ನ ಭುಜ ಹಿಡಿದು ಮುಂದೆ ನಿಲ್ಲಿಸಿದಳು. ಒಂದು ಗೇಣು ಎತ್ತರವಾದೆ.

ಅದಿರಲಿ, ನಿಮ್ಮ ಮೀಟರ್ ಬೋರ್ಡಿನಲ್ಲಿರುವುದು ನಿಜವಾಗಿ ಫ್ಯೂಸೇ ತಾನೆ, ಎಲ್ಲಿಂದಲೋ ಕಿತ್ತ ತಾಮ್ರದ ಎಳೆಯಲ್ಲವಷ್ಟೆ?