ಟೀಚರಮ್ಮನ ಕಾಗದಕ್ಕೆ ನಾನು ಸಾಕ್ಷಿ

ನಾಲ್ಕನೇ ಕ್ಲಾಸಿನಲ್ಲಿ ನನಗೆ ಪಾಠ ಹೇಳಿದ ಟೀಚರಮ್ಮನಿಗೆ ಶ್ವಾಸಕೋಶ ಕೆಟ್ಟಿತ್ತು. ವಾಸಿಯಾಗುವ ಕಾಯಿಲೆಯಲ್ಲ. ಒಮ್ಮೆ ಆಸ್ಪತ್ರೆಯಲ್ಲಿ ಒಂಬತ್ತು ದಿನ ವೆಂಟಿಲೇಟರಿನಲ್ಲಿದ್ದು, ಪೈಪು ಕೀಳದಂತೆ ಕೈ ಕಟ್ಟಿಸಿಕೊಂಡು, ಹೇಗೋ ಚನ್ನಪಟ್ಟಣದ ಮನೆಗೆ ವಾಪಸಾಗಿದ್ದರು. ನಾನು ರಾಮನಗರದಲ್ಲಿ ಮನೋವಿಶ್ಲೇಷಣೆ ಮಾಡುವವಳು. ಆಡಿದ ಮಾತಿನ ಹಿಂದೆ ಆಡದೆ ಉಳಿದದ್ದನ್ನು ಕೇಳಿಸಿಕೊಳ್ಳುವುದು ನನ್ನ ಕೆಲಸ. ನೋಡಲು ಹೋದಾಗ ಅವರು, "ಒಂದು ಇಂಜೆಕ್ಷನ್ ಕೊಡ್ಸಿ ಮುಗ್ಸಮ್ಮ" ಎಂದರು. "ನಿಮಗೆ ಯಾರ ಮೇಲೆ ಕೋಪ?" ಎಂದು ಕೇಳಿದೆ.

ನಕ್ಕರು, ಕೆಮ್ಮಿದರು. "ಮಾತಿನ್ ಹಿಂದ್ಗಡೆ ಹುಡುಕ್ತೀಯಲ್ಲ, ಮುಂದ್ಗಡೆ ಐತಲ್ಲ, ಅದ್ನ ಯಾವಾಗ ಕೇಳುಸ್ಕತೀಯೆ?"

ಇಂಜೆಕ್ಷನ್ನಿಗೆ ನಮ್ಮ ಕಾನೂನು ಒಪ್ಪುವುದಿಲ್ಲ, ಅದನ್ನು ಹೇಳಿದೆ. ಆದರೆ ವಾಸಿಯಾಗದ ಸ್ಥಿತಿ ಬಂದರೆ ಉಸಿರಾಟದ ಯಂತ್ರ ಬೇಡ ಎಂದು ಮೊದಲೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳು ಬೇಕು, ನೋಟರಿ ಬೇಕು. "ಹಂಗಾರೆ ನೀನೊಬ್ಳು" ಎಂದರು. ಖಿನ್ನತೆ ಅವರಿಂದ ಹೀಗೆ ಮಾತಾಡಿಸುತ್ತಿರಬಹುದೆಂಬ ಅನುಮಾನ ನನಗಿತ್ತು. ಮೂರು ವಾರಗಳಲ್ಲಿ ಮೂರು ಸಲ ಹೋಗಿ, ಯಂತ್ರ ನಿಜವಾಗಿ ಬೇಡವೇ ಎಂದು ಅದೇ ಪ್ರಶ್ನೆ ಕೇಳಿದೆ. ಮೂರನೆಯ ಸಲ, ಸೊಪ್ಪಿನ ಸಾರಿಗೆ ಉಪ್ಪು ಕಮ್ಮಿ ಎಂದು ಜಗಳವಾಡುತ್ತಲೇ, ಬೇಡವೆಂಬ ಅದೇ ಉತ್ತರ ಕೊಟ್ಟರು.

ಸಹಿ ಹಾಕುವ ಬೆಳಿಗ್ಗೆ ಅವರ ಒಬ್ಬನೇ ಮಗ ಕಬ್ಬಾಳಿನ ದೇವಿಯ ಗುಡಿಯಿಂದ ನೇರವಾಗಿ ಬಂದ. ನಮ್ಮ ಕಡೆ ದೊಡ್ಡ ತೀರ್ಮಾನಕ್ಕೆ ಮೊದಲು ದೇವರಲ್ಲಿ ಹೂ ಕೇಳುತ್ತಾರೆ; ಬಲಕ್ಕೆ ಬಿದ್ದರೆ ಒಪ್ಪಿಗೆ.

"ಕಬ್ಬಾಳಮ್ಮ ಬಲಗಡೆ ಕೊಟ್ಟವ್ಳೆ ಕಣವ್ವ. ಸೈನು ಗೀನು ಏನೂ ಬ್ಯಾಡ."

"ಏನಂತ ಕೇಳ್ದೆ?"

"ನಮ್ಮವ್ವ ಉಳೀಬೇಕಾ ಅಂತ."

"ಕೈ ಕಟ್ಟಾಕಿ, ಗಂಟ್ಲಿಗೆ ಪೈಪ್ ತುರ್ಕಿ ಉಳುಸ್ಲಾ ಅಂತ ಕೇಳ್ದೇನ್ಲಾ?"

ಅವನು ಪ್ರಸಾದದ ಹೂವನ್ನು ಕೈಯಲ್ಲೇ ತಿರುಗಿಸಿದ.

"ನೋಡು, ಕಬ್ಬಾಳಮ್ಮನ್ಗೇ ಅರ್ಧ ಪ್ರಶ್ನೆ ಕೊಟ್ಟು ಪೂರ್ತಿ ಮಾರ್ಕ್ಸ್ ಹಾಕುಸ್ಕಂಡ್ ಬಂದವ್ನೆ" ಎಂದು ನನ್ನತ್ತ ತಿರುಗಿದರು.

ಅವನು ನೆಲದ ಮೇಲೆ ಕುಳಿತುಬಿಟ್ಟ. ಅಲ್ಲಿಂದಲೇ ಹೇಳಿದ: "ಆವತ್ತು ಐಸಿಯು ಬಾಗ್ಲಲ್ಲಿ, ಬೇಗ ಮುಗೀಲಪ್ಪ ಅಂದ್ಕಂಡ್ಬುಟ್ಟೆ ಕಣವ್ವ."

ಆ ಒಂದು ಗಳಿಗೆಯ ಬಯಕೆಯನ್ನು ಅಳಿಸಿಹಾಕಲು ಅವನಿಗೆ ಯಂತ್ರ ಬೇಕಾಗಿತ್ತು. ನನಗದು ಸ್ಪಷ್ಟವಾಗಿ ಕಂಡಿತು. ಮಾತಾಡಿದ್ದು ಟೀಚರಮ್ಮ.

"ನಿಮ್ಮಜ್ಜಿ ಮಲ್ಗಿದ್ದಾಗ ನಾನೂ ಹಂಗೇ ಅಂದ್ಕಂಡಿದ್ದೆ. ಎಲ್ರಿಗೂ ಬತ್ತದೆ ಕಣ್ಲಾ. ಅದುಕ್ಕೆ ನನ್ನ ಯಾಕ್ ಕಟ್ಟಾಕ್ತೀಯ? ಪೆನ್ ಕೊಡು."

ಅವನೇ ಕೊಟ್ಟ. ಅವರು ಹಲಗೆಯ ಮೇಲೆ ಬರೆಯುವಂತೆ ದುಂಡಗೆ ಹೆಸರು ಬರೆದರು. ನೋಟರಿಯ ಎದುರು ಪಕ್ಕದ ಮನೆಯವರೊಬ್ಬರೂ ನಾನೂ ಸಾಕ್ಷಿ ಹಾಕಿದೆವು.

ನಾಲ್ಕು ತಿಂಗಳ ನಂತರ ಉಸಿರು ನಿಲ್ಲುವ ಹಂತಕ್ಕೆ ಬಂತು. ಆಸ್ಪತ್ರೆಯಲ್ಲಿ ಕಾಗದ ಮುಂದಿಟ್ಟು "ಬ್ಯಾಡ ಸಾರ್" ಎಂದವನು ಅದೇ ಮಗ. ವೈದ್ಯರ ಎರಡು ಮಂಡಳಿಗಳು ನೋಡಿ ಒಪ್ಪಿದವು. ಸಂಕಟವಾಗದಂತೆ ಔಷಧ ಕೊಟ್ಟರು. ಅವರ ಒಂದು ಕೈಯನ್ನು ಮಗ ಹಿಡಿದಿದ್ದ. ಇನ್ನೊಂದು, ಈ ಸಲ ಕಟ್ಟಿಲ್ಲದೆ, ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು.

ತಿಥಿಯ ಊಟದಲ್ಲಿ ಎದುರು ಸಾಲಿನ ನೆಂಟರ ಹೆಂಗಸೊಬ್ಬಳು ಎಲ್ಲರಿಗೂ ಕೇಳುವಂತೆ, "ಸಾಯ್ಸೋಕೆ ಸೈನ್ ಹಾಕ್ದೋಳು ಇವ್ಳೇ ಅಲ್ವಾ? ಊಟುಕ್ಕೂ ಬಂದವ್ಳೆ" ಎಂದಳು.

"ಹೌದು, ನಾನೇ" ಎಂದೆ. "ಟೀಚರಮ್ಮ ಹೇಳಿದ್ದನ್ನ ಕಿವಿಯಾರೆ ಕೇಳಿ ಹಾಕಿದೆ. ನಾಳೆ ನೀವು ಸಾಕ್ಷಿಗೆ ಕರೆದರೂ ಬರ್ತೀನಿ."

ಆಕೆ ಅನ್ನ ಕಲಸುವುದನ್ನು ನಿಲ್ಲಿಸಿದಳು. ಬಡಿಸುವವರು ಬಂದರು. ನಾನು ಎಲೆ ಬಿಟ್ಟು ಏಳಲಿಲ್ಲ.